ಅಳಿಸುವ ಮೊದಲು ನೋಡುವುದು: ಡೇಟಾಬೇಸ್ ಸರ್ವರಿನ ಡಿಸ್ಕ್ ತುಂಬಿದಾಗ

ದ್ವಿತೀಯ ಪಿಯುಸಿ ಗಣಕ ವಿಜ್ಞಾನಕ್ಕೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಎಸ್‌ಕ್ಯುಎಲ್ ಘಟಕವನ್ನು ಆರಿಸಿಕೊಳ್ಳುತ್ತಾರೆ. ಆಜ್ಞೆ ಬರೆದ ಕೂಡಲೇ ಪರದೆಯ ಮೇಲೆ ಉತ್ತರ ಕಾಣುವುದರಿಂದ ಮಕ್ಕಳಿಗೂ ಖುಷಿ, ಪಾಠ ವೀಕ್ಷಿಸುವವರಿಗೂ ಸಮಾಧಾನ. ಇನ್ಸರ್ಟ್ ಎಂದರೆ ಸೇರಿಸು, ಡಿಲೀಟ್ ಎಂದರೆ ಅಳಿಸು ಎಂದು ಹೇಳಿ ಪಾಠ ಮುಂದುವರಿಯುತ್ತದೆ. ಸೇರಿಸಿದ ಸಾಲು ಎಲ್ಲಿ ಹೋಗಿ ಕೂತಿತು, ಅಳಿಸಿದ ಮೇಲೆ ಆ ಜಾಗ ಏನಾಯಿತು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ.

ಈ ಪ್ರಶ್ನೆಯನ್ನು ಎರಡು ಅವಧಿಗಳ ಪಾಠವಾಗಿ ಬೆಳೆಸಬಹುದು ಎಂಬುದು ನನ್ನ ಅನುಭವ. ಸರ್ವರಿನ ಡಿಸ್ಕ್ ತುಂಬಿದಾಗ ಏನು ಮಾಡಬೇಕು ಎಂಬುದನ್ನು ಕಲಿಸುವಾಗ ಬಿ.ಇಡಿ. ತರಗತಿಯಲ್ಲಿ ನಾವು ದಿನವೂ ಹೇಳುವ ಮಾತೊಂದು ತಾನಾಗಿ ಎದುರಿಗೆ ಬರುತ್ತದೆ: ನೈದಾನಿಕ ಪರೀಕ್ಷೆ ಮೊದಲು, ಪರಿಹಾರ ಬೋಧನೆ ಆಮೇಲೆ. ಮಗು ಭಾಗಾಕಾರ ಯಾಕೆ ತಪ್ಪುತ್ತಿದೆ ಎಂದು ತಿಳಿಯದೆ ಇನ್ನೂ ಹತ್ತು ಲೆಕ್ಕ ಕೊಡುವುದಕ್ಕೂ, ಜಾಗ ಎಲ್ಲಿ ಹೋಯಿತೆಂದು ತಿಳಿಯದೆ ಸರ್ವರಿನಲ್ಲಿ ಫೈಲ್ ಅಳಿಸುವುದಕ್ಕೂ ವ್ಯತ್ಯಾಸ ಬಹಳವಿಲ್ಲ. ಆದರೆ ಮಗುವಿಗೆ ಮತ್ತೊಂದು ಅವಕಾಶ ಕೊಡಬಹುದು. ಅಳಿಸಿದ ಫೈಲ್ ಎಷ್ಟೋ ಸಲ ಹಿಂದೆ ಬರುವುದಿಲ್ಲ.

ತುಂಬಿದಾಗ ಸರ್ವರ್ ಹೇಗೆ ನಡೆದುಕೊಳ್ಳುತ್ತದೆ

ಡಿಸ್ಕ್ ತುಂಬಿದೆ ಎಂದು ಸರ್ವರ್ ಬಳಕೆದಾರನಿಗೆ ನೇರವಾಗಿ ಹೇಳುವುದು ಕಡಿಮೆ. ಮೈಎಸ್‌ಕ್ಯುಎಲ್‌ನಲ್ಲಿ ಹಲವು ಸಲ ಬರುವುದು 1114ನೇ ದೋಷ: ‘ದ ಟೇಬಲ್ ಈಸ್ ಫುಲ್’. ಇದನ್ನು ಓದಿದವರು ಕೋಷ್ಟಕದ ಸಾಲುಗಳಿಗೇ ಏನೋ ಮಿತಿ ಇದೆ ಎಂದು ತಿಳಿಯುತ್ತಾರೆ. ಕೆಲವು ಸಲ ಸಂದೇಶವೇ ಇರುವುದಿಲ್ಲ. ಜಾಗ ಸಿಕ್ಕಿತೇ ಎಂದು ಸರ್ವರ್ ನಿಮಿಷಕ್ಕೊಮ್ಮೆ ನೋಡುತ್ತ ಕಾಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ತನ್ನ ಲಾಗ್ ಫೈಲಿನಲ್ಲಿ ಎಚ್ಚರಿಕೆ ಬರೆಯಲು ನೋಡುತ್ತದೆ. ಕಚೇರಿಯ ಗುಮಾಸ್ತರಿಗೆ ಕಾಣುವುದು ಸುಮ್ಮನೆ ತಿರುಗುವ ಚಕ್ರ. ‘ನೆಟ್ ಸ್ಲೋ ಇದೆ’ ಎಂದು ಅವರು ಚಹಾಕ್ಕೆ ಹೋಗುತ್ತಾರೆ.

ಪೋಸ್ಟ್‌ಗ್ರೆಸ್‌ನ ಸ್ವಭಾವ ಬೇರೆ. ಅದರ ಬದಲಾವಣೆಗಳ ದಾಖಲೆ ಇರುವ ಡಿಸ್ಕ್ ತುಂಬಿದರೆ ಸರ್ವರ್ ‘ಪ್ಯಾನಿಕ್’ ಎಂದು ಬರೆದು ನಿಂತೇಬಿಡಬಹುದು. ಇದನ್ನು ಕೇಳಿದ ಮಕ್ಕಳು ‘ಹಾಗಾದರೆ ಅದು ಕೆಟ್ಟ ಸಾಫ್ಟ್‌ವೇರಾ ಮಿಸ್?’ ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಬಿಡಬೇಡಿ. ಬರೆದಿಟ್ಟೆ ಎಂದು ಮಾತು ಕೊಟ್ಟು ಬರೆಯದೆ ಇರುವುದಕ್ಕಿಂತ ನಿಲ್ಲುವುದು ಲೇಸು ಎಂಬ ಉತ್ತರಕ್ಕೆ ಮಕ್ಕಳೇ ತಲುಪುವಂತೆ ಮಾಡಬಹುದು.

ಒಂದು ಪ್ರಕರಣ

ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು ತರಗತಿಯಲ್ಲಿ ಬಳಸುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪ್ರವೇಶಾತಿಯ ವಾರ. ಶುಲ್ಕ ಕಟ್ಟಿದ ವಿದ್ಯಾರ್ಥಿಗಳ ಹೆಸರು ಸರ್ವರಿಗೆ ಏರುತ್ತಿಲ್ಲ, ಹೊರಗೆ ಪೋಷಕರ ಸಾಲು ನಿಂತಿದೆ. ಡಿಸ್ಕ್‌ನಲ್ಲಿ ಉಳಿದಿರುವುದು ಒಂದಿಷ್ಟೇ ಜಾಗ ಎಂದು ಗೊತ್ತಾದಾಗ ನಿರ್ವಾಹಕರು ಹಳೆಯ ವರ್ಷಗಳ ಲಾಗಿನ್ ದಾಖಲೆಗಳಿದ್ದ ದೊಡ್ಡ ಕೋಷ್ಟಕವನ್ನು ಡಿಲೀಟ್ ಆಜ್ಞೆಯಿಂದ ಖಾಲಿ ಮಾಡಲು ಹೊರಟರು. ಆಜ್ಞೆ ಓಡುತ್ತಿದ್ದ ಹಾಗೆಯೇ ಉಳಿದ ಜಾಗವೂ ಕರಗಿತು. ಆಗ ಅಲ್ಲಿದ್ದವರೊಬ್ಬರು ಡೇಟಾಬೇಸಿನ ಕಡತಕೋಶವನ್ನೇ ತೆರೆದು, ಹೆಸರಿನಲ್ಲಿ ‘ಬಿನ್’ ಎಂದಿರುವ ಫೈಲ್‌ಗಳು ಕಸದ ಬುಟ್ಟಿ ಇರಬೇಕು, ತೆಗೆದುಬಿಡೋಣ ಎಂದರು. ಪ್ರಯೋಗಾಲಯದ ಸಹಾಯಕ ಮಾತ್ರ, ‘ಏನು ಫೈಲ್ ಅಂತ ನೋಡಿ ಆಮೇಲೆ ತೆಗೀರಿ ಸರ್’ ಎಂದ.

ಆ ಒಂದು ಮಾತು ಆ ವರ್ಷದ ಪ್ರವೇಶ ದಾಖಲೆಯನ್ನು ಉಳಿಸಿತು. ‘ಬಿನ್’ ಎಂದರೆ ಅಲ್ಲಿ ಬೈನರಿ ಲಾಗ್, ಕಸದ ಬುಟ್ಟಿಯಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಆದ ಮೇಲೆ ನಡೆದ ಪ್ರತಿಯೊಂದು ಬದಲಾವಣೆಯೂ ಆ ಫೈಲ್‌ಗಳಲ್ಲಿತ್ತು. ಜಾಗ ತಿಂದಿದ್ದು ಬೇರೆಯೇ. ಪ್ರತಿ ರಾತ್ರಿಯ ಬ್ಯಾಕಪ್ ಅದೇ ಡಿಸ್ಕ್‌ನ ಇನ್ನೊಂದು ಕಡತಕೋಶದಲ್ಲಿ ಸೇರುತ್ತಿತ್ತು, ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಹಳೆಯ ಬ್ಯಾಕಪ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ, ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಮೂಲವನ್ನು ತೆಗೆದಾಗ ಕೆಲಸ ಮತ್ತೆ ಶುರುವಾಯಿತು.

ಈ ಪ್ರಕರಣದಲ್ಲಿ ಮೂರು ಪ್ರಶ್ನೆಗಳಿವೆ. ಪಾಠವನ್ನೂ ಆ ಮೂರರ ಸುತ್ತಲೇ ಕಟ್ಟುವುದು ಒಳ್ಳೆಯದು.

ಮೊದಲ ಪ್ರಶ್ನೆ: ತುಂಬಿದ್ದು ಯಾವುದು?

ಲಿನಕ್ಸ್‌ನಲ್ಲಿ ‘ಡಿಎಫ್’ ಎಂಬ ಆಜ್ಞೆ ಪ್ರತಿಯೊಂದು ಡಿಸ್ಕ್ ವಿಭಾಗದಲ್ಲಿ ಒಟ್ಟು ಎಷ್ಟು, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ತೋರಿಸುತ್ತದೆ. ಒಂದೇ ಯಂತ್ರದಲ್ಲಿ ಹಲವು ವಿಭಾಗಗಳಿರುತ್ತವೆ. ಡೇಟಾಬೇಸ್ ಇರುವ ವಿಭಾಗವೇ ತುಂಬಿದೆಯೇ, ತಾತ್ಕಾಲಿಕ ಫೈಲ್‌ಗಳ ವಿಭಾಗವೇ ಎಂದು ಮೊದಲು ಗುರುತಿಸಬೇಕು. ಬೇರೆ ವಿಭಾಗದಲ್ಲಿ ಎಷ್ಟು ಅಳಿಸಿದರೂ ತುಂಬಿದ ವಿಭಾಗಕ್ಕೆ ಪ್ರಯೋಜನವಿಲ್ಲ.

ಇಲ್ಲಿ ಮಕ್ಕಳು ಹಿಡಿಯುವ ಒಂದು ತೊಡಕಿದೆ. ಒಟ್ಟು 100 ಜಿಬಿ, ಬಳಸಿದ್ದು 95, ಉಳಿದದ್ದು 0 ಎಂದು ತೋರಿಸಿದರೆ ಐದು ಜಿಬಿ ಎಲ್ಲಿ ಹೋಯಿತು? ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ, ಬೇರೆ ಸೂಚನೆ ಕೊಡದಿದ್ದರೆ, ಶೇಕಡ 5ರಷ್ಟನ್ನು ವ್ಯವಸ್ಥಾಪಕ ಬಳಕೆದಾರನಿಗೆಂದು ಕಾದಿಡುತ್ತದೆ. ಮನೆಯಲ್ಲಿ ಅಕ್ಕಿ ಡಬ್ಬಿ ಖಾಲಿಯಾದರೂ ಅಜ್ಜಿ ಹಿಂದೆ ಒಂದು ಸೇರು ತೆಗೆದಿಟ್ಟಿರುತ್ತಾರಲ್ಲ, ಹಾಗೆ.

ಇನ್ನೊಂದು ಸಾಧ್ಯತೆಯೂ ಇದೆ. ಜಾಗ ಧಾರಾಳವಾಗಿದ್ದರೂ ಹೊಸ ಫೈಲ್ ಹುಟ್ಟದೆ ಇರಬಹುದು. ಪ್ರತಿ ಫೈಲಿಗೂ ‘ಐನೋಡ್’ ಎಂಬ ಒಂದು ನಮೂದು ಬೇಕು. ಇಎಕ್ಸ್‌ಟಿ4ನಲ್ಲಿ ಇವುಗಳ ಸಂಖ್ಯೆ ವಿಭಾಗವನ್ನು ಸಿದ್ಧಪಡಿಸುವಾಗಲೇ ನಿಗದಿಯಾಗುತ್ತದೆ. ಲಕ್ಷಗಟ್ಟಲೆ ಪುಟ್ಟ ಫೈಲ್‌ಗಳು ಸೇರಿದರೆ ನಮೂದುಗಳೇ ಮುಗಿಯುತ್ತವೆ. ‘ಡಿಎಫ್ -ಐ’ ಎಂದು ಕೇಳಿದರೆ ಇದು ತಿಳಿಯುತ್ತದೆ.

ಎರಡನೆಯ ಪ್ರಶ್ನೆ: ಜಾಗ ಹಿಡಿದಿರುವವರು ಯಾರು?

‘ಡಿಯು’ ಎಂಬ ಆಜ್ಞೆ ಕಡತಕೋಶಗಳ ಗಾತ್ರವನ್ನು ಕೂಡಿ ಹೇಳುತ್ತದೆ. ಮೇಲಿನ ಹಂತದಿಂದ ಶುರುಮಾಡಿ ದೊಡ್ಡದಿರುವಲ್ಲಿಗೆ ಇಳಿಯುತ್ತ ಹೋದರೆ ಕೆಲವೇ ಹೆಜ್ಜೆಗಳಲ್ಲಿ ಜಾಗ ತಿಂದ ಫೈಲ್ ಸಿಗುತ್ತದೆ.

ಆದರೆ ಎರಡು ಆಜ್ಞೆಗಳ ಲೆಕ್ಕ ಹೊಂದದಿದ್ದರೆ? ತರಗತಿಗೆ ನಾನು ಕೊಡುವ ಅಭ್ಯಾಸ ಇದು: ಡಿಎಫ್ ಪ್ರಕಾರ ಬಳಸಿದ್ದು 95 ಜಿಬಿ, ಡಿಯು ಕೂಡಿದಾಗ ಬಂದದ್ದು 72 ಜಿಬಿ. ವ್ಯತ್ಯಾಸ 23 ಜಿಬಿ. ಅದು ಎಲ್ಲಿದೆ? ಲಿನಕ್ಸ್‌ನಲ್ಲಿ ಫೈಲನ್ನು ಅಳಿಸಿದರೆ ಹೋಗುವುದು ಅದರ ಹೆಸರು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಅದು ಬಿಡುವ ತನಕ ಜಾಗ ಮರಳುವುದಿಲ್ಲ. ಹೆಸರನ್ನು ಎಣಿಸುವ ಡಿಯುಗೆ ಅದು ಕಾಣದು. ಜಾಗವನ್ನು ಎಣಿಸುವ ಡಿಎಫ್‌ಗೆ ಕಾಣುತ್ತದೆ. ‘ಎಲ್‌ಎಸ್‌ಒಎಫ್’ ಎಂಬ ಆಜ್ಞೆಗೆ ‘+ಎಲ್1’ ಸೇರಿಸಿದರೆ ಹೆಸರು ಹೋಗಿಯೂ ತೆರೆದೇ ಇರುವ ಫೈಲ್‌ಗಳು ಯಾರ ಕೈಯಲ್ಲಿವೆ ಎಂದು ಹೇಳುತ್ತದೆ. ಬೆಳೆದ ಲಾಗ್ ಫೈಲನ್ನು ಯಾರೋ ಕೈಯಾರೆ ಅಳಿಸಿದ ಸರ್ವರುಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಸ್ಥಿತಿ.

ಮೂರನೆಯ ಪ್ರಶ್ನೆ: ಅದು ಯಾವ ಬಗೆಯ ಫೈಲ್?

ಡೇಟಾಬೇಸ್ ಸರ್ವರಿನಲ್ಲಿ ಮುಖ್ಯವಾಗಿ ಮೂರು ಬಗೆಯ ಫೈಲ್‌ಗಳು ಬೆಳೆಯುತ್ತವೆ: ಕೋಷ್ಟಕಗಳು, ಬದಲಾವಣೆಗಳ ದಾಖಲೆ, ತಾತ್ಕಾಲಿಕ ಫೈಲ್‌ಗಳು. ಒಂದೊಂದಕ್ಕೂ ಪರಿಹಾರ ಬೇರೆ.

ಕೋಷ್ಟಕಗಳನ್ನು ವಿವರಿಸುವಾಗ ಪ್ರಶಿಕ್ಷಣಾರ್ಥಿಗಳು ಹಾಜರಿ ಪುಸ್ತಕದ ಹೋಲಿಕೆ ತರುತ್ತಾರೆ: ಹೆಸರಿಗೆ ಗೆರೆ ಎಳೆದರೆ ಪುಸ್ತಕ ತೆಳ್ಳಗಾಗದು. ಹೋಲಿಕೆ ಅರ್ಧ ಸರಿ. ಗೆರೆ ಎಳೆದ ಸಾಲಿನಲ್ಲಿ ಇನ್ನೊಬ್ಬರ ಹೆಸರು ಬರೆಯಲಾಗದು, ಡೇಟಾಬೇಸ್‌ನಲ್ಲಿ ಬರೆಯಬಹುದು. ಹಾಗಾಗಿ ವಿದ್ಯಾರ್ಥಿನಿಲಯದ ಹೋಲಿಕೆ ನನಗೆ ಹೆಚ್ಚು ಹಿಡಿಸುತ್ತದೆ. ವಿದ್ಯಾರ್ಥಿಗಳು ಕೊಠಡಿ ಬಿಟ್ಟು ಹೋದರೆ ಕಟ್ಟಡ ಚಿಕ್ಕದಾಗುವುದಿಲ್ಲ. ಮುಂದಿನ ವರ್ಷದವರು ಅದೇ ಕೊಠಡಿಗಳಿಗೆ ಬರುತ್ತಾರೆ. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಕೋಷ್ಟಕದಲ್ಲಿ ಡಿಲೀಟ್ ಮಾಡುವುದು ಇದೇ. ಫೈಲಿನೊಳಗೆ ಕೊಠಡಿ ಖಾಲಿಯಾಗುತ್ತದೆ, ಫೈಲಿನ ಗಾತ್ರ ಹಾಗೆಯೇ ಉಳಿಯುತ್ತದೆ.

ಕಟ್ಟಡವನ್ನೇ ಚಿಕ್ಕದು ಮಾಡಬೇಕಾದರೆ ‘ಆಪ್ಟಿಮೈಸ್ ಟೇಬಲ್’ ಇದೆ. ಅದು ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿ, ಇದ್ದವರನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ಕೆಡವುತ್ತದೆ. ಹೊಸ ಕಟ್ಟಡಕ್ಕೆ ನಿವೇಶನ ಬೇಕಲ್ಲ? ಡಿಸ್ಕ್ ಪೂರ್ತಿ ತುಂಬಿದ ದಿನ ಆ ನಿವೇಶನವೇ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ವ್ಯಾಕ್ಯೂಮ್’ ಸಾಮಾನ್ಯವಾಗಿ ಕೊಠಡಿಗಳನ್ನು ಗುಡಿಸಿ ಮರುಬಳಕೆಗೆ ಸಿದ್ಧ ಮಾಡುತ್ತದೆ. ‘ವ್ಯಾಕ್ಯೂಮ್ ಫುಲ್’ ಹೊಸ ಕಟ್ಟಡ ಕಟ್ಟುತ್ತದೆ, ಅದು ಮುಗಿಯುವ ತನಕ ಆ ಕೋಷ್ಟಕವನ್ನು ಬೇರೆ ಯಾರೂ ಓದಲೂ ಆಗದು. ಕೋಷ್ಟಕದ ಎಲ್ಲ ಸಾಲುಗಳೂ ಬೇಡವೆಂದು ಖಚಿತವಾಗಿದ್ದರೆ ‘ಟ್ರಂಕೇಟ್’ ಜಾಗವನ್ನು ಡಿಸ್ಕ್‌ಗೇ ಮರಳಿಸುತ್ತದೆ.

ಎರಡನೆಯ ಬಗೆ, ಬದಲಾವಣೆಗಳ ದಾಖಲೆ. ಇದನ್ನು ಅಂಗಡಿಯ ದಿನವಹಿ ಪುಸ್ತಕಕ್ಕೆ ಹೋಲಿಸಬಹುದು. ಮೈಎಸ್‌ಕ್ಯುಎಲ್ 8.0ರಿಂದ ಬೈನರಿ ಲಾಗ್ ತಾನಾಗಿಯೇ ಚಾಲೂ ಇರುತ್ತದೆ, ನಾವು ಬದಲಿಸದಿದ್ದರೆ 30 ದಿನಗಳ ದಾಖಲೆ ಉಳಿಯುತ್ತದೆ. ಸಾಲುಗಳನ್ನು ಅಳಿಸಿದ್ದೂ ಒಂದು ಬದಲಾವಣೆಯೇ. ಅಳಿಸಿದ ಪ್ರತಿ ಸಾಲಿನ ವಿವರವೂ ಅದರಲ್ಲಿ ಸೇರುತ್ತದೆ. ಮೇಲಿನ ಪ್ರಕರಣದಲ್ಲಿ ಅಳಿಸುತ್ತ ಹೋದಂತೆ ಜಾಗ ಕಡಿಮೆಯಾದದ್ದು ಇದರಿಂದಲೇ. ಕೋಷ್ಟಕದ ಫೈಲ್ ಕುಗ್ಗಲಿಲ್ಲ, ದಿನವಹಿ ಮಾತ್ರ ಉಬ್ಬಿತು.

ದಿನವಹಿಯ ಹಳೆಯ ಪುಟಗಳನ್ನು ತೆಗೆಯುವುದಕ್ಕೂ ಕ್ರಮವಿದೆ. ಬೇರೆ ಊರಿನ ಶಾಖೆಯ ಗುಮಾಸ್ತ ಇದೇ ಪುಸ್ತಕ ನೋಡಿ ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಿರಬಹುದು. ಪ್ರತಿ ಸರ್ವರ್ ಎಂದರೆ ಆ ಗುಮಾಸ್ತ. ಅವನು ಎಲ್ಲಿಯ ತನಕ ಬರೆದುಕೊಂಡಿದ್ದಾನೆ ಎಂದು ಕೇಳಿ, ಅದಕ್ಕೂ ಹಿಂದಿನ ಪುಟಗಳನ್ನು ಮಾತ್ರ, ಅದೂ ಡೇಟಾಬೇಸಿನ ‘ಪರ್ಜ್ ಬೈನರಿ ಲಾಗ್ಸ್’ ಆಜ್ಞೆಯ ಮೂಲಕವೇ ತೆಗೆಯಬೇಕು. ಫೈಲನ್ನು ಹೊರಗಿನಿಂದ ಅಳಿಸಿದರೆ ಡೇಟಾಬೇಸಿನ ಸೂಚಿಯಲ್ಲಿ ಇಲ್ಲದ ಪುಟದ ಹೆಸರು ಉಳಿಯುತ್ತದೆ.

ಇಲ್ಲಿ ಹೆಸರಿಡುವುದರ ಬಗ್ಗೆ ಒಂದು ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ದಾಖಲೆ ಇರುವ ಕಡತಕೋಶದ ಹೆಸರು ಮೊದಲು ‘ಪಿಜಿ_ಎಕ್ಸ್‌ಲಾಗ್’ ಎಂದಿತ್ತು. ಲಾಗ್ ಎಂದರೆ ಬೇಡದ ಹಳೆಯ ವರದಿ ಎಂದು ತಿಳಿದು ಡಿಸ್ಕ್ ತುಂಬಿದಾಗ ಜನ ಅದನ್ನು ಅಳಿಸುತ್ತಿದ್ದರು, ಡೇಟಾಬೇಸ್ ಕೆಡುತ್ತಿತ್ತು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದನ್ನು ‘ಪಿಜಿ_ವಾಲ್’ ಎಂದು ಬದಲಿಸಿದರು. ‘ಪಿಜಿ_ಕ್ಲಾಗ್’ ಎಂಬುದೂ ‘ಪಿಜಿ_ಎಕ್ಸ್ಯಾಕ್ಟ್’ ಆಯಿತು. ಶಬ್ದವೊಂದು ತಪ್ಪು ಗ್ರಹಿಕೆ ಹುಟ್ಟಿಸುತ್ತಿದ್ದರೆ ಶಬ್ದವನ್ನೇ ಬದಲಿಸುವುದು ಶಿಕ್ಷಕರಿಗೂ ತಿಳಿದಿರಬೇಕಾದ ಉಪಾಯ. ನಮ್ಮ ಪ್ರಕರಣದ ‘ಬಿನ್’ ಎಂಬ ಹೆಸರೂ ಇದೇ ಜಾತಿಯದು.

ಪೋಸ್ಟ್‌ಗ್ರೆಸ್‌ನ ಈ ಕಡತಕೋಶ ಬೆಳೆಯುತ್ತಲೇ ಇದ್ದರೆ ‘ರೆಪ್ಲಿಕೇಷನ್ ಸ್ಲಾಟ್’ ನೋಡಬೇಕು. ನಕಲು ಮಾಡುವ ಗುಮಾಸ್ತ ಕೆಲಸ ಬಿಟ್ಟು ಹೋಗಿದ್ದರೂ ಅವನ ಹೆಸರಿನಲ್ಲಿ ಪುಟಗಳನ್ನು ಕಾದಿಡುವ ವ್ಯವಸ್ಥೆ ಅದು. 13ನೇ ಆವೃತ್ತಿಯಿಂದ ಇದಕ್ಕೆ ಗರಿಷ್ಠ ಮಿತಿ ಇಡಬಹುದು.

ಮೂರನೆಯ ಬಗೆಯ ತಾತ್ಕಾಲಿಕ ಫೈಲ್‌ಗಳು ದೊಡ್ಡ ವಿಂಗಡಣೆ, ಜೋಡಣೆಗಳ ಹೊತ್ತಿನಲ್ಲಿ ಬೆಳೆಯುತ್ತವೆ. ಮೈಎಸ್‌ಕ್ಯುಎಲ್‌ನ ‘ಐಬಿಟಿಎಂಪಿ1’ ಒಮ್ಮೆ ಬೆಳೆದರೆ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸುವ ತನಕ ಕುಗ್ಗುವುದಿಲ್ಲ. ಬೆಳೆಸಿದ ಪ್ರಶ್ನೆಯನ್ನು ಹುಡುಕಿ ತಿದ್ದದಿದ್ದರೆ ಅದು ನಾಳೆ ಮತ್ತೆ ಬೆಳೆಯುತ್ತದೆ.

ಪರಿಹಾರದ ಕ್ರಮ

ನಿದಾನ ಮುಗಿದ ಮೇಲೆ ಪರಿಹಾರಕ್ಕೆ ಒಂದು ಕ್ರಮ ಹೇಳಿಕೊಡಬಹುದು. ಕಡಿಮೆ ಅಪಾಯದ್ದು ಮೊದಲು.

1. ಡೇಟಾಬೇಸಿಗೆ ಸೇರದ ಫೈಲ್‌ಗಳು: ಹಳೆಯ ಬ್ಯಾಕಪ್, ಅನುಸ್ಥಾಪನೆಯ ಫೈಲ್, ವ್ಯವಸ್ಥೆಯ ಹಳೆಯ ಲಾಗ್. ಬ್ಯಾಕಪ್ ಆದರೆ ಬೇರೆಡೆ ನಕಲಿಸಿ, ತೆರೆದು ನೋಡಿ, ಆಮೇಲೆ ತೆಗೆಯುವುದು.
2. ಡಿಸ್ಕ್ ವಿಭಾಗವನ್ನು ಹಿಗ್ಗಿಸಲು ಸಾಧ್ಯವಿದ್ದರೆ ಹಿಗ್ಗಿಸುವುದು. ಇದರಲ್ಲಿ ಏನನ್ನೂ ಅಳಿಸಬೇಕಾಗಿಲ್ಲ.
3. ಹೆಸರಿಲ್ಲದೆ ತೆರೆದಿರುವ ಫೈಲ್ ಇದ್ದರೆ ಅದನ್ನು ಹಿಡಿದಿರುವ ಪ್ರೋಗ್ರಾಂ ಬಿಡುವಂತೆ ಮಾಡುವುದು.
4. ಬದಲಾವಣೆಗಳ ದಾಖಲೆಯಲ್ಲಿ ಹಳೆಯದನ್ನು ಡೇಟಾಬೇಸಿನ ಆಜ್ಞೆಯಿಂದಲೇ ತೆಗೆಯುವುದು.
5. ಕೊನೆಗೆ ದತ್ತಾಂಶ. ಅದು ಬೇಡವೆಂದು ತೀರ್ಮಾನಿಸುವ ಅಧಿಕಾರ ಅದರ ಒಡೆಯರದು, ಸರ್ವರ್ ನೋಡಿಕೊಳ್ಳುವವರದಲ್ಲ.

ಐದನೆಯ ಅಂಶದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬರು ಅಂಕಪಟ್ಟಿಯ ಪ್ರತಿ ಕೇಳಿ ಎಷ್ಟೋ ವರ್ಷಗಳ ಮೇಲೆ ಕಚೇರಿಗೆ ಬರುತ್ತಾರೆ. ಜಾಗ ಸಾಲದೆಂದು ಅಳಿಸಿದ ಸಾಲು ಅವರದ್ದಾಗಿರಬಹುದು.

ತರಗತಿಯಲ್ಲಿ

ಪೂರ್ವಜ್ಞಾನವಾಗಿ ಇನ್ಸರ್ಟ್, ಡಿಲೀಟ್ ಆಜ್ಞೆಗಳು ಸಾಕು. ಮೊದಲ ಅವಧಿಯ ಪ್ರಯೋಗಕ್ಕೆ ಪ್ರಯೋಗಾಲಯದ ಒಂದು ಗಣಕದಲ್ಲಿ ಮೈಎಸ್‌ಕ್ಯುಎಲ್ ಇದ್ದರಾಯಿತು, ಡಿಸ್ಕ್ ತುಂಬಿಸುವ ಅಗತ್ಯವಿಲ್ಲ. ಕಾಲೇಜು ಕಚೇರಿಯ ಸರ್ವರನ್ನು ಯಾವ ಕಾರಣಕ್ಕೂ ಬಳಸಬೇಡಿ.

ಒಂದು ಕೋಷ್ಟಕ ಮಾಡಿ ಒಂದೇ ಸಾಲು ಸೇರಿಸಿ. ಕೋಷ್ಟಕದ ಸಾಲುಗಳನ್ನೇ ಆಯ್ದು ಅದಕ್ಕೇ ಸೇರಿಸುವ ಆಜ್ಞೆಯನ್ನು ಇಪ್ಪತ್ತು ಸಲ ಓಡಿಸಿ. ಪ್ರತಿ ಸಲವೂ ಇಮ್ಮಡಿಯಾಗಿ 10,48,576 ಸಾಲುಗಳಾಗುತ್ತವೆ. ಎಷ್ಟಾಗುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ಕೋಷ್ಟಕದ ಹೆಸರಿನ ‘ಐಬಿಡಿ’ ಫೈಲಿನ ಗಾತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಈಗ ಎಲ್ಲ ಸಾಲುಗಳನ್ನೂ ಡಿಲೀಟ್ ಮಾಡುವ ಮೊದಲು, ಗಾತ್ರ ಎಷ್ಟಾಗಬಹುದೆಂಬ ಊಹೆಯನ್ನು ಪ್ರತಿಯೊಬ್ಬರೂ ನೋಟ್‌ಪುಸ್ತಕದಲ್ಲಿ ಬರೆಯಲಿ. ಬರೆದ ಊಹೆಯನ್ನು ಆಮೇಲೆ ಬದಲಿಸಲಾಗದು, ಪಾಠದ ಬಲ ಇರುವುದು ಅಲ್ಲಿಯೇ. ನನ್ನ ತರಗತಿಗಳಲ್ಲಿ ಬಹುತೇಕರು ಸೊನ್ನೆಯ ಹತ್ತಿರದ ಸಂಖ್ಯೆ ಬರೆದಿದ್ದಾರೆ. ಅಳಿಸಿದ ಮೇಲೆ ಗಾತ್ರ ಬದಲಾಗದೆ ನಿಂತಾಗ ತರಗತಿ ಒಂದು ಕ್ಷಣ ಮೌನವಾಗುತ್ತದೆ, ಆಮೇಲೆ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿನಿಲಯದ ಹೋಲಿಕೆಗೆ ಅದು ಸರಿಯಾದ ಹೊತ್ತು. ಹೋಲಿಕೆಯನ್ನು ಮೊದಲೇ ಹೇಳಿದರೆ ಊಹೆಗೆ ಬೆಲೆ ಉಳಿಯದು.

ಕೆಲವು ನಿಮಿಷ ಬಿಟ್ಟು ಸಾಲುಗಳನ್ನು ಮತ್ತೆ ಸೇರಿಸಿ ಗಾತ್ರ ನೋಡಿ. ಖಾಲಿ ಕೊಠಡಿಗಳನ್ನು ಬಿಡುಗಡೆ ಮಾಡುವ ಕೆಲಸ ಹಿನ್ನೆಲೆಯಲ್ಲಿ ನಡೆಯುವುದರಿಂದ ಈ ಬಿಡುವು ಬೇಕು. ಕೊನೆಗೆ ಟ್ರಂಕೇಟ್ ಮಾಡಿ ಗಾತ್ರ ಬರೆಯಿರಿ.

ಎರಡನೆಯ ಅವಧಿ ಪ್ರಕರಣ ಅಧ್ಯಯನಕ್ಕೆ. ನಾಲ್ಕೈದು ಜನರ ಗುಂಪುಗಳಿಗೆ ಡಿಎಫ್, ಡಿಯು ಅಂಕಿಗಳಿರುವ ಹಾಳೆ ಕೊಡಿ. ಒಂದು ಗುಂಪಿಗೆ ಹಳೆಯ ಬ್ಯಾಕಪ್, ಇನ್ನೊಂದಕ್ಕೆ 23 ಜಿಬಿ ವ್ಯತ್ಯಾಸ, ಮತ್ತೊಂದಕ್ಕೆ ಬೆಳೆದ ಬೈನರಿ ಲಾಗ್. ನಿಯಮ ಒಂದೇ: ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸುವ ತನಕ ಯಾವ ಗುಂಪೂ ‘ಅಳಿಸು’ ಎಂಬ ಪದ ಬಳಸುವಂತಿಲ್ಲ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಸಾಕು. ಲಕ್ಷ ಸಾಲು ಅಳಿಸಿದ ಮೇಲೆ ಡಿಸ್ಕ್‌ನಲ್ಲಿ ಜಾಗ ಹೆಚ್ಚುವ ಬದಲು ಕಡಿಮೆಯಾಯಿತು, ಕಾರಣ ಹೇಳಿ. ಡಿಸ್ಕ್ ತುಂಬಿದ ದಿನ ಆಪ್ಟಿಮೈಸ್ ಟೇಬಲ್ ಏಕೆ ಕೈಕೊಡುತ್ತದೆ? ಸಹೋದ್ಯೋಗಿಯೊಬ್ಬರು ಹೆಸರು ನೋಡಿ ಫೈಲ್ ಅಳಿಸಲು ಹೊರಟಿದ್ದಾರೆ, ಅವರಿಗೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಮೂರನೆಯದಕ್ಕೆ ಒಂದೇ ಸರಿಯುತ್ತರವಿಲ್ಲ, ಪ್ರಶ್ನೆಯ ಗುಣಕ್ಕೆ ಅಂಕ ಕೊಡಿ.

ಪಾಠ ವೀಕ್ಷಿಸುವ ಮಾರ್ಗದರ್ಶಕರಿಗೂ ಒಂದು ಕೋರಿಕೆ. ಪ್ರಶಿಕ್ಷಣಾರ್ಥಿ ಎಷ್ಟು ಆಜ್ಞೆಗಳನ್ನು ತೋರಿಸಿದರು ಎಂದು ಎಣಿಸುವುದಕ್ಕಿಂತ, ಮಕ್ಕಳು ಊಹೆ ಬರೆಯಲು ಎಷ್ಟು ಹೊತ್ತು ಸಿಕ್ಕಿತು, ಊಹೆ ತಪ್ಪಿದ ಮಗುವಿಗೆ ‘ಯಾಕೆ ಹಾಗೆ ಯೋಚಿಸಿದೆ’ ಎಂದು ಕೇಳಿದರೇ ಎಂಬುದನ್ನು ವೀಕ್ಷಣಾ ಹಾಳೆಯಲ್ಲಿ ಗುರುತಿಸಿ. ಎರಡೂ ಆಗಿದ್ದರೆ ಪಾಠಯೋಜನೆಯ ಕೊನೆಯ ಆಜ್ಞೆ ಮುಗಿಯದೆ ಗಂಟೆ ಹೊಡೆದರೂ ಚಿಂತೆಯಿಲ್ಲ.